ಸೋದರಮಾವನ ತೊಡೆ

ಜೂನ್ 14, ಶನಿವಾರ

ಇವತ್ತೂ ಕ್ಲಾಸು. ಜಯನಗರದಲ್ಲಿ ಒಂದು ಮನೆಯ ಮೊದಲ ಮಹಡಿ. ದೊಡ್ಡ ದೊಡ್ಡವರೆಲ್ಲ ಚಾಪೆಯ ಮೇಲೆ ಕೂತು, ಬೇರೆಯವರು ಹೆತ್ತ ಮಕ್ಕಳನ್ನು ಸಾಕುವುದು ಹೇಗೆ ಅಂತ ಕಲಿಯುತ್ತಾರೆ. ಫಾಸ್ಟರ್ ಪೇರೆಂಟ್ಸ್. ನಾನು ಪೇರೆಂಟ್ ಅಲ್ಲ. ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಒಬ್ಬಳೇ ಹೋಗಲು ಸಂಕೋಚ, ಅದಕ್ಕೆ ಜೊತೆ. ಪಿಯುಸಿ ಅರ್ಧಕ್ಕೆ ಬಿಟ್ಟವಳಿಗೆ ಮತ್ತೆ ಕ್ಲಾಸ್ ರೂಮು.

ಕೌನ್ಸೆಲರ್ ವಿಜಯಲಕ್ಷ್ಮಿ ಮೇಡಂ ಹೇಳಿದ್ದು — ಮಗುವಿನ ಎತ್ತರಕ್ಕೆ ಕೂತು ಮಾತಾಡಿ. ಕೇಳದೆ ಮುಟ್ಟಬೇಡಿ. ಬೇಡ ಅಂದರೆ ಅಲ್ಲಿಗೆ ಬಿಡಿ. ಒಳ್ಳೆಯ ಮಾತೇ. ಆದರೆ ಗಿರಿನಗರದ ಒಬ್ಬ ಆಂಟಿ, "ಎಷ್ಟು ಮಾಡಿದ್ರೂ ನಮ್ಮನೆ ಹುಡುಗ ಒಂದು ಥ್ಯಾಂಕ್ಸ್ ಹೇಳಲ್ಲ ಮೇಡಂ" ಅಂದರು.

"ಯಾಕೆ ಹೇಳ್ಬೇಕು ಆಂಟಿ? ನೀವು ಹೆತ್ತ ಮಗ ಹೇಳ್ತಾನಾ?"

ಬಾಯಿಗೆ ಬಂದೇಬಿಟ್ಟಿತು. ಅತ್ತೆ ತೊಡೆ ಚಿವುಟಿದಳು. ಮೇಡಂ ನಗು ತಡೆದುಕೊಂಡರು ಅಂತ ನನ್ನ ಅನುಮಾನ.

ವಾಪಸ್ ಬಂದರೆ ಅಜ್ಜಿ ಗೇಟಿನಲ್ಲೇ. "ಪಾಠ ಆಯ್ತೇನ್ರೇ? ಮಗು ಸಾಕೋಕೂ ಟ್ಯೂಷನ್ನು! ನಾಲ್ಕು ಹೆತ್ತೆ ನಾನು, ಯಾವ ಮೇಡಂನ ಕೇಳಿದ್ದೆ?" ಅಪ್ಪ ತಾನು ನಡೆಸುವ ಪಿಜಿಯ ಹುಡುಗರ ಮೇಲೆ ಫೋನಿನಲ್ಲಿ ರೇಗಿ ಮುಗಿಸಿ ಈ ಕಡೆ ತಿರುಗಿದ. "ರಾಜಿ, ನಿನ್ನ ಮಗೂದು ಹನ್ನೊಂದು ತಿಂಗಳ ಅಗ್ರಿಮೆಂಟಾ, ಇಲ್ಲಾ ಲೀಸಾ?"

ಅತ್ತೆ ನಕ್ಕಳು. ನನಗೆ ಸಿಟ್ಟು ಅಪ್ಪನ ಮಾತಿಗಲ್ಲ, ಆ ನಗುವಿಗೆ. ಮಕ್ಕಳಾಗಲಿಲ್ಲ ಅಂತ ಗಂಡ ಬಿಟ್ಟ. ಅಣ್ಣ ಎರಡನೇ ಮಹಡಿ ಕೊಟ್ಟ. ಅದಕ್ಕೆ ಅಣ್ಣನ ಜೋಕಿಗೆಲ್ಲ ನಗಬೇಕು. ನಾನೂ ಈಗ ಅವಳ ಮನೆಯಲ್ಲೇ ಇರುವುದು, ಕೆಳಗಿನ ಮನೆಯಲ್ಲಿ ಅಪ್ಪನ ಮುಖ ನೋಡಲಾಗದೆ. ಆದರೆ ನಾನು ನಗಲಿಲ್ಲ.


ಜೂನ್ 17, ಬೆಳಗ್ಗೆ

ಅತ್ತೆ ಸಾಕಲು ಕರೆತಂದ ಕೆಂಚಿಯ ದಿಂಬಿನ ಕೆಳಗಿನಿಂದ ಇರುವೆ ಸಾಲು. ಎತ್ತಿದರೆ ರೊಟ್ಟಿ ಚೂರು, ಅರ್ಧ ಇಡ್ಲಿ, ಒಣಗಿದ ಅನ್ನದ ಉಂಡೆ.

ಅವಳು ಗೋಡೆಗೆ ಒತ್ತಿಕೊಂಡು ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. ಅಳಲಿಲ್ಲ. ಏಟು ಎಲ್ಲಿಂದ ಬರುತ್ತದೆ ಅಂತ ಕಾಯುತ್ತಿದ್ದಳು. ಏಳು ವರ್ಷದ ಮಗು. ಯಾವನು ಕಲಿಸಿದ ಇದನ್ನು? ಕೈಗೆ ಸಿಗಲಿ ಅವನು.

ಅತ್ತೆ ನೆಲಕ್ಕೆ ಕೂತಳು. "ಕೆಂಚು, ಬೈಯಲ್ಲ ಕಣೋ. ಇರುವೆ ಕಚ್ಚುತ್ತೆ ಅಂತ ಅಷ್ಟೆ." ಒಳಗಿನಿಂದ ಸ್ಟೀಲ್ ಡಬ್ಬಿ ತಂದು ಬಿಸ್ಕತ್ತು, ಕಡಲೆಕಾಯಿ ಚಿಕ್ಕಿ ತುಂಬಿ ಮಂಚದ ಪಕ್ಕ ಇಟ್ಟಳು. "ಇದು ನಿಂದು. ಖಾಲಿ ಆದ್ರೆ ನಾನೇ ತುಂಬ್ತೀನಿ. ಕೇಳೋದೂ ಬೇಡ."

ಅಜ್ಜಿ ಬಾಗಿಲಲ್ಲಿ, "ಮಂಚದ ಪಕ್ಕ ತಿಂಡಿ ಡಬ್ಬಿ! ಮಗು ಸಾಕ್ತೀರೋ ಇಲಿ ಸಾಕ್ತೀರೋ?"

ಇದು ಮೇಡಂ ಹೇಳಿಕೊಟ್ಟದ್ದು. ಕ್ಲಾಸನ್ನು ಬೈದುಕೊಳ್ಳುತ್ತೇನೆ, ಆದರೆ ಇದು ಕೆಲಸ ಮಾಡಿತು ಅನ್ನುವುದನ್ನೂ ಬರೆಯಬೇಕು. ಅವಳು ಮಧ್ಯಾಹ್ನದ ಹೊತ್ತಿಗೆ ಕೈ ಕೆಳಗಿಳಿಸಿದಳು. ಡಬ್ಬಿ ಮುಚ್ಚಳ ತೆಗೆದು ನೋಡುತ್ತಾಳೆ, ಮುಚ್ಚುತ್ತಾಳೆ. ತಿನ್ನುವುದಿಲ್ಲ. ಇದೆಯಾ ಅಂತ ಮಾತ್ರ ನೋಡುವುದು.


ಜೂನ್ 29, ಭಾನುವಾರ

ಟೆರೇಸಿನಲ್ಲಿ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ. ಕೆಂಚಿ ಬಂದು ಒಂದು ಮಾರು ದೂರ ಕೂತಳು. ಅವಳ ಕೂದಲು ಕಿವಿ ದಾಟಿ ಇಳಿದಿದೆ, ಬರೀ ಗಂಟು. ಮುಟ್ಟಲು ಯಾರನ್ನೂ ಬಿಡುವುದಿಲ್ಲ. ಅಂಗೈ ಚಾಚು ಅಂದೆ, ಎಣ್ಣೆ ಸುರಿದೆ. ತಾನೇ ಹಚ್ಚಿಕೊಂಡಳು.

"ಅಕ್ಕಾ, ಇದು ಉದ್ದ ಬೆಳದ ಮ್ಯಾಲೆ ಬೋಳಸ್ತಾರೇನು?"

"ಯಾರು?"

"ಅಲ್ಲಿ ಬೋಳಿಸಿದ್ರಲ್ಲ." ಅಲ್ಲಿ ಅಂದರೆ ಇಲ್ಲಿಗೆ ಬರುವ ಮೊದಲು ಅವಳಿದ್ದ ಹಾಸ್ಟೆಲು. "ಅವ್ವ ಸತ್ತ ಮ್ಯಾಲೆ ಮಾವ ಕರಕೊಂಡು ಹೋದ. ತೊಡಿ ಮ್ಯಾಲೆ ಕುಂಡ್ರಿಸಿಕೊಂಡ. ಹೇನು ಅಂತ ಹೇಳಿ ತಲಿ ಬೋಳಿಸಿದ್ರು. ಆಮ್ಯಾಲೆ ಮಾವ, ನೀರು ಕುಡುದು ಬರ್ತೀನಿ ಅಂದ."

"ಬಂದನಾ?"

"ಇನ್ನಾ ಬಂದಿಲ್ಲ."

ವರ್ಷ ದಾಟಿದೆ. ಇನ್ನಾ ಬಂದಿಲ್ಲ ಅನ್ನುತ್ತಾಳೆ.

ಅತ್ತೆಗೆ ಹೇಳಿದೆ, ಒಂದು ಅಕ್ಷರ ಬಿಡದೆ. ಒಲೆ ಆರಿಸಿ ಕೇಳಿಸಿಕೊಂಡಳು. ಆಮೇಲೆ ಸಾರು ಬಿಸಿ ಮಾಡಲು ಮರೆತಳು. ತಣ್ಣಗೇ ಉಂಡೆವು.


ಜುಲೈ 13, ಭಾನುವಾರ

ದಿನಾ ಬೆಳಗ್ಗೆ ಅತ್ತೆ ಬಾಚಣಿಗೆ ಹಿಡಿದು ಕೂರುತ್ತಾಳೆ. "ಬಾಚ್ಲಾ?"

"ಒಲ್ಲೆ."

"ಸರಿ."

ಅಷ್ಟೇ. ಎದ್ದು ಹೋಗುತ್ತಾಳೆ. ನನಗಾಗಿದ್ದರೆ ವಾರಕ್ಕೇ ತಲೆ ಕೆಡುತ್ತಿತ್ತು.

ಇವತ್ತು "ಬಾಚ್ಲಾ?" ಅಂದಾಗ ಒಲ್ಲೆ ಅನ್ನಲಿಲ್ಲ. ಅತ್ತೆ ಕಾದಳು. ಕೆಂಚಿ ಹಿಂದೆ ತಿರುಗಿ ಕೂತಳು, ಅಷ್ಟೇ. ಅತ್ತೆ ಬುಡದಿಂದ ಎಳೆಯದೆ, ತುದಿಯಿಂದ ಒಂದೊಂದೇ ಗಂಟು ಬಿಡಿಸಿದಳು. ಕೊನೆಗೆ ಎರಡು ಪುಟ್ಟ ಜುಟ್ಟು, ಕೊತ್ತಂಬರಿ ಕಟ್ಟಿನ ಹಾಗೆ. ಕನ್ನಡಿಯಲ್ಲಿ ಆ ಕಡೆ ಈ ಕಡೆ ನೋಡಿಕೊಂಡು, "ನಾಳಿಗೂ?" ಅಂದಳು.

"ನಾಳೆಗೂ" ಅಂದಳು ಅತ್ತೆ.

ನಾನು ಕೆಳಗೆ ಹೋಗಿ, ರಸ್ತೆಗೆ ಅಡ್ಡ ನಿಲ್ಲಿಸಿದ್ದ ವಾಟರ್ ಟ್ಯಾಂಕರ್‌ನವನ ಜೊತೆ ಜಗಳ ಆಡಿದೆ. ಯಾಕೆ ಅಂತ ಗೊತ್ತಿಲ್ಲ. ಅಳುವುದಕ್ಕಿಂತ ಅದು ಸುಲಭ.


ಜುಲೈ 26

ಕೆಂಚಿಗೆ ಜ್ವರ. ತಿಲಕ್ ನಗರದ ನರ್ಸಿಂಗ್ ಹೋಮಿನಲ್ಲಿ ಡ್ರಿಪ್ ಹಾಕಿಸಿ ಇವತ್ತು ಕರೆತಂದೆವು. ವೈರಲ್ ಅಂದರು ಡಾಕ್ಟರು. ಅಜ್ಜಿಯ ಡಯಾಗ್ನೋಸಿಸ್ ಬೇರೆ.

"ಮಗಳ ಮಡಿಲು ತುಂಬಿದ್ರೆ ಮುಡಿ ಕೊಡಿಸ್ತೀನಿ ಅಂತ ಮುನೇಶ್ವರನಿಗೆ ಹರಕೆ ಹೊತ್ತಿದ್ದೆ. ಮಗು ಬಂತು, ಮುಡಿ ಕೊಡ್ಲಿಲ್ಲ. ದೇವರು ಕೇಳ್ದೆ ಬಿಡ್ತಾನಾ?"

ನಾನು ಏನೋ ಹೇಳಲು ಬಾಯಿ ತೆರೆದೆ. ಅತ್ತೆಯ ಮುಖ ನೋಡಿ ಮುಚ್ಚಿದೆ. ಅವಳು ಹಳದಿ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರ ಮುಂದೆ ಇಟ್ಟಾಗಿತ್ತು. ಆಸ್ಪತ್ರೆಯಲ್ಲಿ ಹೆದರಿದ್ದಾಳೆ. ಹೆದರಿದವರ ಹತ್ತಿರ ವಾದ ಮಾಡುವುದು ಹೇಗೆ?


ಜುಲೈ 30

ಮಾಡಿದೆ. ವಾದ. ಎಲ್ಲರೂ ಅಜ್ಜಿಯ ಕೋಣೆಯಲ್ಲಿ.

ಅಜ್ಜಿ: "ಆಷಾಢ ಕಳೀತು. ಈ ಭಾನುವಾರ ಹೋಗೋಣ. ಸೋದರಮಾವನ ತೊಡೆ ಮೇಲೆ ಕೂರಿಸಿ ಮುಡಿ ತೆಗೆಸಿದ್ರೇನೇ ಅದು ಈ ಮನೆ ಮಗು. ಅಲ್ಲೀವರ್ಗೂ ಯಾರೋ ಬಿಟ್ಟುಹೋದ ಕೂಸು."

ಅತ್ತೆಯ ಅಣ್ಣ ಅಂದರೆ ಅಪ್ಪ. ಕೆಂಚಿಗೆ ಅವನೇ ಸೋದರಮಾವ. ಅಪ್ಪ ಈ ಸಲ ಜೋಕ್ ಮಾಡಲಿಲ್ಲ. "ಕೂರಿಸ್ಕೋತೀನಿ ಬಿಡಮ್ಮ. ನಂಗೂ ಒಬ್ಳು ಸೋದರಸೊಸೆ ಬೇಡ್ವಾ?" ಅಂದ. ಮನಸ್ಸಿನಿಂದ ಅಂದ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದು ಮುಗಿಸಬಹುದಿತ್ತು.

ತಿಂಗಳುಗಳ ನಂತರ ಅಪ್ಪನ ಜೊತೆ ಮಾತಾಡಿದೆ. ಹಾಸ್ಟೆಲು, ಅವಳ ಮಾವ, ಅವನ ತೊಡೆ, ಕತ್ತಿ, ನೀರು ಕುಡಿದು ಬರುತ್ತೇನೆ ಅಂದದ್ದು. ಎಲ್ಲ. "ಮತ್ತೆ ಅದನ್ನೇ ಮಾಡ್ತೀರಾ ಅವಳಿಗೆ?"

"ಅದು ಹೇನಿಗೆ, ಇದು ದೇವರಿಗೆ" ಅಂದಳು ಅಜ್ಜಿ.

"ಅವಳ ತಲೆಗೆ ಎರಡೂ ಒಂದೇ ಅಜ್ಜಿ!"

"ಈ ಬಾಯಿಂದಾನೇ ಕಾಲೇಜು ಹೋಯ್ತು" ಅಂದ ಅಪ್ಪ. ಟ್ಯೂಷನ್‌ಗೆ ಬಂದವರಿಗೆ ಮಾತ್ರ ಲೆಕ್ಚರರ್ ಪರೀಕ್ಷೆಗೆ ಮೊದಲೇ ಪ್ರಶ್ನೆ ಪತ್ರಿಕೆ ಕೊಟ್ಟ. ನಾನು ಅದನ್ನು ಹೇಳಿದೆ. ಕಾಲೇಜಿನವರು ಕ್ಷಮೆ ಕೇಳು ಅಂದರು, ಕೇಳಲಿಲ್ಲ. ಕೇಳಿ ಮುಗಿಸು ಅಂದವನು ಇದೇ ಅಪ್ಪ.

ಕೊನೆಗೆ ಅತ್ತೆ, ನೆಲ ನೋಡುತ್ತಾ: "ಹೆಣ್ಮಕ್ಳು ಮೂರು ಕತ್ತರಿ ಕೂದಲು ಕೊಡ್ತಾರಲ್ಲ, ಹಾಗೆ ಮಾಡೋಣಮ್ಮ. ಬೋಳಿಸೋದು ಬೇಡ."

ಅಜ್ಜಿ "ಆಯ್ತು" ಅಂದಳು. ಅಷ್ಟು ಸುಲಭಕ್ಕೆ ಅಜ್ಜಿ ಯಾವತ್ತೂ ಆಯ್ತು ಅಂದವಳಲ್ಲ.


ಆಗಸ್ಟ್ 2, ಶನಿವಾರ

ಇವತ್ತು ಕ್ಲಾಸು ರಜೆ. ಸಂಜೆ ಮೇಡಂಗೆ ಫೋನ್. ಎತ್ತಲಿಲ್ಲ. ಮತ್ತೆ ಮಾಡಿದೆ. ಮತ್ತೆ. ಮೆಸೇಜ್ ಹಾಕಿದೆ. ಆಮೇಲೆ ಸ್ವಿಚ್ ಆಫ್.


ಆಗಸ್ಟ್ 3

ಬೋಳಿಸಿದರು. ಪೂರ್ತಿ. ಇವತ್ತು ಬರೆಯಲು ಆಗುವುದಿಲ್ಲ.


ಆಗಸ್ಟ್ 5

ಬರೆಯುತ್ತೇನೆ.

ನಾನು ಹತ್ತಿದೆ ಅಂತ ಕೆಂಚಿ ಕಾರು ಹತ್ತಿದಳು. ಇದು ಮೊದಲು ಬರೆಯಬೇಕಾದದ್ದು. ಕನಕಪುರ ರಸ್ತೆಯಲ್ಲಿ ಕಿಟಕಿಯಿಂದ ಹೊರಗೆ ನೋಡುತ್ತಾ, ಎರಡು ಜುಟ್ಟು, ಹೊಸ ಫ್ರಾಕು. ಖುಷಿಯಾಗಿದ್ದಳು.

ದೇವಸ್ಥಾನದ ಹಿಂದೆ ಅಪ್ಪ ಮಣೆಯ ಮೇಲೆ ಕೂತ. ಹೊಸ ಪಂಚೆ. ಅವಳನ್ನು ತೊಡೆಗೆ ಎಳೆದುಕೊಂಡ. ಕ್ಷೌರದವನು ತಲೆಗೆ ನೀರು ಚಿಮುಕಿಸಿದ. ಮೂರು ಕತ್ತರಿಗೆ ನೀರು ಯಾಕೆ ಅಂತ ನನಗೆ ಹೊಳೆಯುವಷ್ಟರಲ್ಲಿ ಅವನ ಕೈಯಲ್ಲಿ ಕತ್ತಿ.

"ಅಜ್ಜಿ, ಮೂರು ಕತ್ತರಿ ಅಂದಿದ್ರಿ!"

"ಮುಡಿ ಅಂದ್ರೆ ಮುಡಿ. ದೇವರ ಹತ್ರ ಚೌಕಾಸಿ ಮಾಡ್ತೀಯಾ?"

ಅತ್ತೆಯನ್ನು ನೋಡಿದೆ. ಕೈಮುಗಿದು ನಿಂತಿದ್ದಳು, ಕಣ್ಣು ಮುಚ್ಚಿ. ಕೆಂಚಿ ಮೂರು ಸಲ "ಒಲ್ಲೆ" ಅಂದಳು. ಅತ್ತೆ ಕಣ್ಣು ತೆರೆಯಲಿಲ್ಲ. ದಿನಾ ಬೆಳಗ್ಗೆ ಒಂದು ಒಲ್ಲೆಗೆ ಎದ್ದು ಹೋಗುತ್ತಿದ್ದ ಅತ್ತೆ! ನಾನು ಕ್ಷೌರದವನ ಕೈ ಹಿಡಿಯಲು ಹೋದೆ. ಕತ್ತಿ ಅವಳ ನೆತ್ತಿಯ ಮೇಲಿತ್ತು. ಗಾಯವಾದೀತು ಅಂತ ಬಿಟ್ಟೆ.

ಆಮೇಲೆ ಕೆಂಚಿ ಅಲುಗಾಡಲಿಲ್ಲ, ಸದ್ದಿಲ್ಲ. ಮುಗಿದ ಮೇಲೆ ಅಪ್ಪ ಏಳಲು ನೋಡಿದ. ಅವಳು ಎರಡೂ ಕೈಯಿಂದ ಅವನ ಶರ್ಟು ಹಿಡಿದುಕೊಂಡಳು. ಬೆರಳು ಬಿಳುಚಿಕೊಳ್ಳುವಷ್ಟು. ಬಿಡಲೇ ಇಲ್ಲ.

ಅಜ್ಜಿಗೆ ಎಲ್ಲಿಲ್ಲದ ಖುಷಿ. "ನೋಡ್ರೇ, ನೋಡ್ರೇ! ಸೋದರಮಾವನ್ನ ಹೆಂಗೆ ಹಿಡ್ಕೊಂಡವ್ಳೆ! ಫೋಟೋ ತೆಗೀರಿ!"

ಅಪ್ಪನೂ ಕರಗಿಹೋದ. ಬೋಳು ತಲೆಗೆ ಗಂಧ ಹಚ್ಚುತ್ತಾ, "ಎಲ್ಲೂ ಹೋಗಲ್ಲ ಪುಟ್ಟಾ, ಕೈ ತೊಳ್ಕೊಂಡು ಬರ್ತೀನಿ" ಅಂದ.

ಆಗ ಕಿರುಚಿದಳು. ನಾನು ಅಂಥ ದನಿ ಕೇಳಿಲ್ಲ. ಪ್ರಸಾದದ ಕ್ಯೂನಲ್ಲಿದ್ದವರೆಲ್ಲ ತಿರುಗಿದರು. ಅಪ್ಪ ಹೆದರಿ, ಗಂಧದ ಕೈ ಗಾಳಿಯಲ್ಲಿ ಹಿಡಿದುಕೊಂಡು ಕೂತೇ ಇದ್ದ.

ಮನೆಗೆ ಬಂದ ಮೇಲೆ ಕೆಂಚಿ ಚಪ್ಪಲಿ ಬಿಚ್ಚಿಲ್ಲ. ಸ್ಕೂಲ್ ಬ್ಯಾಗಿಗೆ ಬಟ್ಟೆ ತುಂಬಿಕೊಂಡು ಬಾಗಿಲ ಬಳಿ ಕೂತಿದ್ದಾಳೆ. ಬಿಟ್ಟುಬರಲು ಯಾವಾಗ ಹೊರಡುತ್ತೇವೆ ಅಂತ ಕಾಯುತ್ತಿದ್ದಾಳೆ. ನಿದ್ದೆ ಬಂದರೂ ಅಲ್ಲೇ.


ಆಗಸ್ಟ್ 9, ಶನಿವಾರ

ಅತ್ತೆ ಕ್ಲಾಸಿಗೆ ಹೋಗಲಿಲ್ಲ. ಬುಧವಾರ ಮೇಡಂ ಮನೆಗೆ ಬರುತ್ತಾರಂತೆ, ರಿಪೋರ್ಟು ಕಮಿಟಿಗೆ ಹೋಗಬೇಕಂತೆ. ಮಗು ಇಲ್ಲಿರಬೇಕೋ ಬೇಡವೋ ಅಂತ ಕಮಿಟಿ ನಿರ್ಧರಿಸುತ್ತದೆ.

ಅತ್ತೆ ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು. "ಬಿಂದು, ಹೇನು ಜಾಸ್ತಿಯಾಗಿತ್ತು, ಡಾಕ್ಟ್ರು ಹೇಳಿದ್ರು ಅಂತ ಹೇಳ್ತೀನಿ. ನೀನು ಸುಮ್ನಿದ್ರೆ ಸಾಕು."

"ಸುಳ್ಳು."

"ಗೊತ್ತು ಕಣೇ. ನಿಜ ಹೇಳಿದ್ರೆ ಕರ್ಕೊಂಡು ಹೋಗ್ತಾರೆ. ಆಮೇಲೆ? ಮತ್ತೆ ಅದೇ ಹಾಸ್ಟೆಲ್ ಅವಳಿಗೆ. ಅದು ಬೇಕಾ ನಿಂಗೆ?"

ಕಾಲೇಜಿನಲ್ಲಿ ನಿಜ ಹೇಳಿದ್ದಕ್ಕೆ ಹೋದದ್ದು ನನ್ನ ಓದು. ಇಲ್ಲಿ ಹೋಗುವುದು ಇನ್ನೊಬ್ಬಳ ಮನೆ. ಅತ್ತೆಯ ಮೇಲೆ ಸಿಟ್ಟು, ಅವಳ ಮಾತಿನಲ್ಲಿ ಅರ್ಥವಿದೆ ಅನ್ನುವುದಕ್ಕೆ ಇನ್ನೂ ಸಿಟ್ಟು.


ಆಗಸ್ಟ್ 13, ಬುಧವಾರ

ಅಜ್ಜಿಯನ್ನು ಅಪ್ಪ ಕೆಳಗೇ ಕೂರಿಸಿಕೊಂಡಿದ್ದ. ಮೇಡಂ ಕೆಂಚಿಯ ತಲೆ ನೋಡಿ, ಬ್ಯಾಗು ಕೂಡ ಕೆಳಗಿಡದೆ, "ಏನಾಯ್ತು?" ಅಂದರು.

"ಹೇನು ಮೇಡಂ. ತುಂಬಾ ಆಗ್ಬಿಟ್ಟಿತ್ತು." ಅತ್ತೆ ಬಾಯಿಪಾಠದ ಹಾಗೆ ಒಪ್ಪಿಸಿದಳು.

ನಾನು ನನ್ನ ಕಾಲಿನ ಉಗುರು ನೋಡುತ್ತಿದ್ದೆ. ಸುಮ್ಮನಿರುವವಳೇ ಇದ್ದೆ. ನಿಜ, ಅಷ್ಟು ಹೊತ್ತು ನಾನು ಸುಮ್ಮನಿದ್ದೆ.

ಮೇಡಂ ನೆಲಕ್ಕೆ ಕೂತು, "ಕೆಂಚವ್ವ, ಕೂದಲು ಯಾಕೆ ತೆಗೆದ್ರು ಪುಟ್ಟಾ?" ಅಂದರು.

ಕೆಂಚಿ ಅತ್ತೆಯ ಮುಖ ನೋಡಿದಳು. ಹತ್ತು ದಿನದಿಂದ ಬಾಯಿ ಬಿಡದವಳು, ಬ್ಯಾಗು ಎದೆಗೆ ಅವಚಿಕೊಂಡು ಹೇಳಿದಳು: "ಹೇನು ಆಗಿದ್ವು. ಭಾಳ ಆಗಿದ್ವು."

ಯಾರೂ ಹೇಳಿಕೊಟ್ಟಿರಲಿಲ್ಲ. ಆಗಷ್ಟೇ ಕೇಳಿಸಿಕೊಂಡು ಹೇಳಿದಳು. ಇದನ್ನು ಹೇಳಿದರೆ ಇಲ್ಲಿ ಇಟ್ಟುಕೊಳ್ಳುತ್ತಾರೆ ಅಂತ ಲೆಕ್ಕ ಹಾಕಿದಳು. ತಲೆ ಬೋಳಿಸಿದ್ದು ಸಾಲದು ಅಂತ, ಈಗ ನಮ್ಮನ್ನು ಕಾಪಾಡುವ ಕೆಲಸವೂ ಅವಳದೇ!

"ಹೇನಲ್ಲ ಮೇಡಂ" ಅಂದೆ. "ಹರಕೆ. ನಮ್ಮಪ್ಪನ ತೊಡೆ ಮೇಲೆ ಕೂರಿಸಿ ಬೋಳಿಸಿದ್ರು. ಅವಳು ಒಲ್ಲೆ ಅಂದ್ಲು. ಅವಳ ಮಾವ ಏನು ಮಾಡಿದ್ದ ಅಂತ ಎಲ್ರಿಗೂ ಗೊತ್ತಿತ್ತು. ನಾನೂ ಇದ್ದೆ ಅಲ್ಲಿ. ಹಿಂದಿನ ದಿನ ನಿಮಗೆ ಎಷ್ಟು ಸಲ ಫೋನ್ ಮಾಡ್ದೆ ಅಂತ ನೋಡ್ಕೊಳ್ಳಿ."

"ಬಿಂದು!" ಅತ್ತೆಯ ದನಿ ಒಡೆಯಿತು.

ಮೇಡಂ ಫೋನ್ ತೆಗೆದು ನೋಡಿದರು. "ನಲವತ್ತು ಮಕ್ಕಳಿದಾರೆ ನನ್ನ ಹತ್ರ, ಶನಿವಾರ ಸಂಜೆ..." ಅಂತ ಶುರು ಮಾಡಿ ನಿಲ್ಲಿಸಿದರು. "ಎತ್ತಬೇಕಿತ್ತು. ತಪ್ಪು ನಂದು." ಆಮೇಲೆ ಅತ್ತೆಗೆ: "ರಾಜಶ್ರೀ ಅವ್ರೇ, ಇದನ್ನ ನಾನು ಬರೀಲೇಬೇಕು. ಕಮಿಟಿ ಏನು ಮಾಡುತ್ತೋ ಗೊತ್ತಿಲ್ಲ. ಅದಕ್ಕಿಂತ ಮುಂಚೆ ಅವಳ ಹತ್ರ ನೀವೇ ಮಾತಾಡಿ. ತಪ್ಪಾಯ್ತು ಅಂತ."

"ಮಗು ಹತ್ರ ತಪ್ಪಾಯ್ತು ಅಂತ ಹೆಂಗೆ ಮೇಡಂ ಹೇಳೋದು? ನಮ್ಮ ಕಡೆ ಯಾರು ಹೇಳ್ತಾರೆ?"

"ಯಾರೂ ಹೇಳಲ್ಲ. ಅದಕ್ಕೇ ಹೇಳ್ತಿರೋದು."


ಆಗಸ್ಟ್ 14

ಅತ್ತೆ ನನ್ನ ತಟ್ಟೆಗೆ ಬಡಿಸುತ್ತಾಳೆ. ಮಾತಿಲ್ಲ. ಅಪ್ಪ ಮೆಟ್ಟಿಲಲ್ಲಿ ಎದುರಾಗಿ, "ಸಮಾಧಾನ ಆಯ್ತಾ?" ಅಂದ.

ಆಗಿಲ್ಲ.


ಆಗಸ್ಟ್ 22, ಶುಕ್ರವಾರ

ಕಮಿಟಿ. ಉದ್ದ ಟೇಬಲ್ಲು, ಆ ಕಡೆ ಮೂವರು. ಕೆಂಚಿ ಬ್ಯಾಗು ಹೆಗಲಿಗೆ ಹಾಕಿಕೊಂಡೇ ಬಂದಳು. ದಾರಿಯಲ್ಲಿ ಆಟೋದವನನ್ನೂ ಸೇರಿಸಿ ಯಾರನ್ನೂ ನೋಡಲಿಲ್ಲ.

ನನ್ನನ್ನು ಕೇಳುತ್ತಾರೆ ಅಂದುಕೊಂಡು ಗಂಟಲು ಸರಿಮಾಡಿಕೊಂಡಿದ್ದೆ. ಕೇಳಲಿಲ್ಲ. ಅತ್ತೆ ಎದ್ದು ನಿಂತಳು. ಸೆರಗು ಸುತ್ತಿ ಸುತ್ತಿ ಬೆರಳಿಗೆ ಹಗ್ಗ ಮಾಡಿಕೊಂಡಿದ್ದಳು.

"ಹೇನು ಅಂತ ಹೇಳಿದ್ದು ಸುಳ್ಳು ಸಾರ್. ನಾನೇ ಹೇಳಿದ್ದು. ದೇವರ ಮುಂದೆ ಮುಡಿ ಕೊಟ್ರೆ ಅವಳು ನನ್ನ ಮಗಳಾಗ್ತಾಳೆ ಅಂದ್ಕೊಂಡೆ. ಅವಳು ಬೇಡ ಅಂದಿದ್ದು ಕೇಳಿಸ್ತು. ಕಣ್ಣು ಮುಚ್ಕೊಂಡೆ."

ಒಬ್ಬರು ಬರೆದುಕೊಂಡರು. ಇನ್ನೊಬ್ಬರು ಬೈದರು. ಬೈಗುಳ ನ್ಯಾಯವಾಗಿಯೇ ಇತ್ತು, ಆದರೂ ನನಗೆ ಅವರ ಮೇಲೆ ಸಿಟ್ಟು ಬಂತು. ಅತ್ತೆಯನ್ನು ಬೈಯುವ ಹಕ್ಕು ನನ್ನದು. ಮೇಡಂ ಅತ್ತೆಯ ಪರವಾಗಿ ಮಾತಾಡಿದರು. ಡಬ್ಬಿಯ ವಿಚಾರ, ಬಾಚಣಿಗೆಯ ವಿಚಾರ. ಕಿತ್ತುಹಾಕಿದರೆ ಮಗುವಿಗೆ ಇದು ಇನ್ನೊಂದು ಸಲ ಬಿಟ್ಟುಹೋದ ಹಾಗೆ ಅಂದರು.

ಕೊನೆಗೆ ಕೆಂಚಿಯನ್ನು, "ನಿಂಗೆ ಎಲ್ಲಿರೋಕೆ ಇಷ್ಟಮ್ಮ?" ಅಂತ ಕೇಳಿದರು.

ಅವಳು ಕೋಣೆ ಸುತ್ತ ನೋಡಿದಳು. "ಇಲ್ಲೇ ಬಿಟ್ಟು ಹೋಗ್ತಾರೇನು?"

ಬರೆದುಕೊಳ್ಳುತ್ತಿದ್ದವರು ಪೆನ್ನು ಕೆಳಗಿಟ್ಟರು. ಒಂದು ತಿಂಗಳು ನೋಡೋಣ ಅಂದರು. ವಾರ ವಾರ ಮೇಡಂ ಬರಬೇಕು. ಆಮೇಲೆ ತೀರ್ಮಾನ. ಆಟೋದಲ್ಲಿ ಅತ್ತೆ ನನ್ನ ಕೈ ಹಿಡಿಯಲಿಲ್ಲ. ಆದರೆ ಬಾಡಿಗೆ ಕೊಡಲು ನನ್ನನ್ನು ಬಿಡಲಿಲ್ಲ, ತಾನೇ ಕೊಟ್ಟಳು.


ಆಗಸ್ಟ್ 24, ಭಾನುವಾರ, ಸಂಜೆ

ಒಳಗಿನ ಕೋಣೆಯಲ್ಲಿ ಕೂತು, ಬಾಗಿಲ ಸಂದಿಯಲ್ಲಿ ಕಂಡ, ಕೇಳಿಸಿದ ಹಾಗೇ ಬರೆಯುತ್ತಿದ್ದೇನೆ.

ಅತ್ತೆ ಬಾಗಿಲ ಬಳಿ ಹೋಗಿ ಕೆಂಚಿಯ ಎದುರು ನೆಲಕ್ಕೆ ಕೂತಳು. ಅಜ್ಜಿ ಹಾಲ್‌ನಲ್ಲಿ ಬತ್ತಿ ಹೊಸೆಯುತ್ತಿದ್ದಾಳೆ. ಅಜ್ಜಿ ಇದ್ದಾಳೆ ಅಂತ ಗೊತ್ತಿದ್ದೇ ಕೂತಳು.

"ಕೆಂಚು. ನೀನು ಒಲ್ಲೆ ಅಂದೆ. ನಾನು ಕೇಳಲಿಲ್ಲ. ತಪ್ಪಾಯ್ತು."

ಬತ್ತಿ ಹೊಸೆಯುವ ಕೈ ನಿಂತಿತು. ಕೆಂಚಿ ತಲೆ ಎತ್ತಿದಳು.

"ಮತ್ತ ಬೋಳಸ್ತೀರೇನು?"

"ಇಲ್ಲ."

"ಕೆಳಗಿನ ಮನಿ ಮಾವ ಅಂದ್ರ?"

"ಅವನು ಅಂದ್ರೂ ಇಲ್ಲ."

"ಅಜ್ಜಿ ಅಂದ್ರ?"

"ಅಜ್ಜಿ ಅಂದ್ರೂ ಇಲ್ಲ."

"ದೇವ್ರು ಅಂದ್ರ?"

ಅತ್ತೆಗೆ ತಡವಾಯಿತು. ಉಪವಾಸ, ವ್ರತ, ಶ್ರಾವಣ ಸೋಮವಾರ ಯಾವುದನ್ನೂ ಬಿಡದ ಅತ್ತೆ.

"ದೇವ್ರು ಅಂದ್ರೂ ಇಲ್ಲ."

"ರಾಜೀ!" ಅಜ್ಜಿ ಎದ್ದಳು. ಬತ್ತಿಯ ತಟ್ಟೆ ನೆಲಕ್ಕೆ ಬಿತ್ತು. "ಏನಂದೆ? ಇನ್ನೊಂದ್ ಸಲ ಅನ್ನು!"

ಅತ್ತೆ ಹೇಳುತ್ತಿದ್ದಾಳೆ. ಇನ್ನೊಂದು ಸಲ. ಜೋರಾಗಿ. ಅಜ್ಜಿ ಅಪ್ಪನನ್ನು ಕೂಗುತ್ತಿದ್ದಾಳೆ, ಮೆಟ್ಟಿಲಲ್ಲಿ ಅಪ್ಪನ ಚಪ್ಪಲಿ ಸದ್ದು. ಮತ್ತೆ ಇನ್ನೊಂದು ದನಿ. "ಆಕಿನ್ನ ಬೈಬ್ಯಾಡ್ರಿ!" — ಕೆಂಚಿ. ಕೆಂಚಿ ಅಜ್ಜಿಯ ಮೇಲೆ ಕಿರುಚುತ್ತಿದ್ದಾಳೆ. ಬ್ಯಾಗು ಕೆಳಗೆ ಬಿದ್ದ ಸದ್ದು. ನಾನು ಹೋಗಬೇಕು, ಅಪ್ಪ ಒಳಗೆ ಬರುವ ಮೊದಲು ಬಾಗಿಲಿಗೆ ಅಡ್ಡ